ಅಂಕಿಗಳ ಸಾಕ್ಷ್ಯ: ಪ್ರೊಫೆಸರ್ ಕಾರ್ಲ್ ಪಿಯರ್ಸನ್ನರ ಜೀವಿತ

ನಳಚರಿತ್ರೆಯನ್ನು ಕೇಳದ ಕನ್ನಡಿಗರು ವಿರಳ. ದ್ಯೂತದಲ್ಲಿ ಪುಷ್ಕರನಿಗೆ ರಾಜ್ಯಕೋಶಗಳನ್ನು ಸೋತು, ಪತ್ನಿಯನ್ನು ಅಡವಿಯಲ್ಲಿ ತೊರೆದು, ಬಾಹುಕನೆಂಬ ಹೆಸರಿನಿಂದ ಋತುಪರ್ಣ ಮಹಾರಾಜನ ಸಾರಥ್ಯವನ್ನು ಮಾಡಿಕೊಂಡಿದ್ದ ನಳನು ಪ್ರಯಾಣಮಾರ್ಗದಲ್ಲಿ ಒಂದು ಆಶ್ಚರ್ಯವನ್ನು ಕಂಡನು. ಋತುಪರ್ಣನು ರಥದಲ್ಲಿ ಕುಳಿತಂತೆಯೇ ಹಾದಿಯ ಬದಿಯ ತಾರೆಯ ಮರವನ್ನು ನೋಡಿ, ಅದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂಬುದನ್ನು ಹೇಳಿಬಿಟ್ಟನು. ನಂಬಿಕೆ ಬಾರದ ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಲು ಲೆಕ್ಕವು ಸರಿಯಾಗಿಯೇ ಇದ್ದಿತು. ಗಣನೆಯ ಈ ವಿದ್ಯೆಯೂ, ದಾಳದ ಮರ್ಮವನ್ನರಿಯುವ ಅಕ್ಷಹೃದಯವೆಂಬ ವಿದ್ಯೆಯೂ ಒಬ್ಬನೇ ಗುರುವಿನಲ್ಲಿ ನೆಲಸಿದ್ದುವೆಂದು ನಮ್ಮ ಪೂರ್ವಿಕರು ಕಥೆಯನ್ನು ಹೆಣೆದಿರುವುದು ಅಲ್ಪ ವಿಷಯವಲ್ಲ. ಎಣಿಸಬಲ್ಲವನಿಗೆ ಮಾತ್ರವೇ ಮೋಸವು ಕಾಣುತ್ತದೆಂಬುದು ಅದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ.

ಪ್ರಕೃತ ಕಾಲದಲ್ಲಿ ದ್ಯೂತವು ಅರಮನೆಯ ಸಭೆಯನ್ನು ಬಿಟ್ಟು ಆಟದ ಮೈದಾನವನ್ನು ಸೇರಿದೆ. ಕ್ರಿಕೆಟ್ಟು, ಕಾಲ್ಚೆಂಡು, ಕುಸ್ತಿ, ಯಾವುದಾದರೂ ಆಗಲಿ, ಅದರ ಮೇಲೆ ಹಣವನ್ನೊಡ್ಡತಕ್ಕವರಿದ್ದಾರೆ. ಹಣವನ್ನೊಡ್ಡತಕ್ಕವರಿದ್ದಲ್ಲಿ ಆಟಗಾರನ ಕೈಬೆಚ್ಚಗೆ ಮಾಡಿ ಸೋಲುಗೆಲವುಗಳನ್ನು ಮೊದಲೇ ಗೊತ್ತುಮಾಡತಕ್ಕವರೂ ಇದ್ದಾರೆ. ಮ್ಯಾಚ್ ಫಿಕ್ಸಿಂಗ್ ಎಂಬ ಮಾತು 2000ನೆಯ ಇಸವಿಯಿಂದೀಚೆಗೆ ನಮ್ಮ ಮಕ್ಕಳ ಬಾಯಲ್ಲಿಯೂ ಕೇಳಬರುತ್ತಿದೆ. ಈ ವಂಚನೆಯನ್ನು ಅಂಕಿಗಳ ಮೂಲಕ ಪತ್ತೆಹಚ್ಚುವ ಶಾಸ್ತ್ರವೊಂದು ಬೆಳೆದಿರುವುದನ್ನು ವಾಚಕರು ಅಲ್ಲಲ್ಲಿ ಓದಿರಬಹುದು. ಆ ಶಾಸ್ತ್ರದ ಮೂಲಪುರುಷರಲ್ಲಿ ಅಗ್ರಗಣ್ಯರು ಲಂಡನ್ನಿನ ಪ್ರೊಫೆಸರ್ ಕಾರ್ಲ್ ಪಿಯರ್ಸನ್ನರು. ಅವರ ಜೀವಿತದಲ್ಲಿ ಅನುಕರಣೀಯವಾದುದೂ ಉಂಟು, ವರ್ಜ್ಯವಾದುದೂ ಉಂಟು. ಎರಡನ್ನೂ ಮರೆಮಾಚದೆ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಪಿಯರ್ಸನ್ನರು 1857ನೆಯ ಇಸವಿ ಮಾರ್ಚ್ 27ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ವಿಲಿಯಂ ಪಿಯರ್ಸನ್ನರು ಹೆಸರಾಂತ ನ್ಯಾಯವಾದಿಗಳು. ಮಗನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಿಂಗ್ಸ್ ಕಾಲೇಜನ್ನು ಸೇರಿ, 1879ರಲ್ಲಿ ಗಣಿತದ ಪರೀಕ್ಷೆಯಲ್ಲಿ ಮೂರನೆಯ ರ‍್ಯಾಂಗ್ಲರನಾಗಿ ತೇರ್ಗಡೆಯಾದನು. ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳು ದೇವಾಲಯದ ಪ್ರಾರ್ಥನೆಗೆ ಕಡ್ಡಾಯವಾಗಿ ಹೋಗತಕ್ಕದ್ದೆಂಬ ನಿಯಮವಿದ್ದಿತು. ತರುಣ ಪಿಯರ್ಸನ್ನರು ಅಧಿಕಾರಿಗಳೊಡನೆ ಹೋರಾಡಿ ಆ ಕಡ್ಡಾಯದಿಂದ ವಿಮೋಚನೆ ಪಡೆದರು. ಪಡೆದ ಬಳಿಕ ತಾವಾಗಿಯೇ ಪ್ರಾರ್ಥನೆಗೆ ಹೋಗಿ ಕುಳಿತರು. ಬೆರಗಾದ ಅಧಿಕಾರಿಗಳಿಗೆ, ತಮ್ಮ ಆಕ್ಷೇಪಣೆ ಬಲಾತ್ಕಾರಕ್ಕೇ ಹೊರತು ಪ್ರಾರ್ಥನೆಗಲ್ಲವೆಂಬ ಅರ್ಥದ ಉತ್ತರವನ್ನಿತ್ತರಂತೆ. ಪರರ ಅಪ್ಪಣೆಯಿಂದ ಏನನ್ನೂ ನಂಬೆನೆಂಬ ಈ ಛಲವು ಅವರಿಗೆ ಜೀವಾವಧಿ ಇದ್ದಿತು. ಅದು ಅವರನ್ನು ಮೇಲೆತ್ತಿದಂತೆಯೇ, ತಮ್ಮ ಸ್ವಂತ ಅಭಿಪ್ರಾಯವೆಂಬ ಅಪ್ಪಣೆಗೆ ಅವರನ್ನು ದಾಸರನ್ನಾಗಿಯೂ ಮಾಡಿತೆಂಬುದು ಮುಂದೆ ತಿಳಿದುಬರುವುದು.

ಕೇಂಬ್ರಿಜ್ ಬಿಟ್ಟ ಬಳಿಕ ಅವರು ಜರ್ಮನಿಗೆ ಹೋಗಿ ಹೈಡೆಲ್‌ಬರ್ಗ್, ಬರ್ಲಿನ್ ನಗರಗಳಲ್ಲಿ ಭೌತಶಾಸ್ತ್ರ, ತತ್ತ್ವಶಾಸ್ತ್ರ, ರೋಮನ್ ನ್ಯಾಯಶಾಸ್ತ್ರ ಮುಂತಾದುವನ್ನು ಅಭ್ಯಾಸಮಾಡಿದರು. ತಂದೆಯ ಇಚ್ಛೆಯಂತೆ ವಕೀಲಿಗೂ ಅರ್ಹತೆ ಪಡೆದರು. ಆದರೆ ಆ ವೃತ್ತಿಯು ಅವರಿಗೆ ರುಚಿಸಲಿಲ್ಲ. ಜರ್ಮನ್ ದೇಶದ ಮೇಲಣ ಪ್ರೀತಿಯು ಎಷ್ಟು ಬಲವಾಯಿತೆಂದರೆ, ತಮ್ಮ ಹೆಸರಿನ ಮೊದಲ ಅಕ್ಷರವನ್ನೇ ಜರ್ಮನರ ರೂಢಿಯಂತೆ ಬದಲಾಯಿಸಿ ಬರೆಯತೊಡಗಿದರು. 1884ರಲ್ಲಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅನ್ವಯಗಣಿತದ ಪ್ರೊಫೆಸರ್ ಪದವಿಯನ್ನೇರಿದರು. 1892ರಲ್ಲಿ ಪ್ರಕಟವಾದ ಅವರ ವಿಜ್ಞಾನದ ವ್ಯಾಕರಣವೆಂಬ ಅರ್ಥದ ಹೆಸರುಳ್ಳ ಗ್ರಂಥವನ್ನು ಮುಂದೆ ತರುಣ ಐನ್‌ಸ್ಟೈನರೂ ಮಿತ್ರರೊಡನೆ ಕುಳಿತು ಓದಿದರು.

1891ರಲ್ಲಿ ಅವರಿಗೆ ಗ್ರೆಷಾಂ ಕಾಲೇಜಿನಲ್ಲಿ ಜ್ಯಾಮಿತಿಯ ಉಪನ್ಯಾಸಕ ಪದವಿಯೂ ದೊರೆಯಿತು. ಅಲ್ಲಿನ ಸಭಿಕರು ಗುಮಾಸ್ತರು, ವರ್ತಕರು, ಕೈಕಸುಬಿನವರು. ಸಂಜೆಯ ಹೊತ್ತು ಬಿಡುವು ಮಾಡಿಕೊಂಡು ಬರತಕ್ಕವರು. ಇವರಿಗೆ ಒಣಸೂತ್ರಗಳು ಹಿಡಿಸವೆಂದು ಪಿಯರ್ಸನ್ನರು ನಾಣ್ಯ, ದಾಳ, ಚೀಟಿಗಳನ್ನು ಸಭೆಗೆ ತಂದು, ಆಕಸ್ಮಿಕವೆಂದು ನಾವು ಕರೆಯತಕ್ಕದ್ದರಲ್ಲಿಯೂ ಒಂದು ಕ್ರಮವಿದೆಯೆಂಬುದನ್ನು ಕಣ್ಣಾರೆ ತೋರಿಸಿದರು. ಒಂದು ನಾಣ್ಯವನ್ನು 24,000 ಸಲ ಚಿಮ್ಮಿದ ಅವರ ಪ್ರಯೋಗವು ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣಬರುತ್ತದೆ. ಅದರಲ್ಲಿ 12,012 ಸಲ ತಲೆ ಬಿದ್ದಿತು. ಅರ್ಧಕ್ಕೆ ಎಷ್ಟು ಸಮೀಪವೆಂಬುದನ್ನು ವಾಚಕರು ಗಮನಿಸಬೇಕು. ಅರ್ಧಕ್ಕೆ ಸರಿಯಾಗಿ ಬೀಳಲಿಲ್ಲವೆಂಬುದನ್ನೂ ಗಮನಿಸಬೇಕು. ಪ್ರಾಮಾಣಿಕವಾದ ನಾಣ್ಯವು ಎಂದಿಗೂ ಕೊಂಚ ಆಚೀಚೆ ಬೀಳುತ್ತದೆ. ಆ ಆಚೀಚೆ ಎಷ್ಟಿರಬಹುದು, ಎಷ್ಟು ಮೀರಿದರೆ ಅನುಮಾನಪಡಬೇಕು ಎಂಬುದೇ ಅವರ ಮುಂದಿನ ಸಮಸ್ತ ಪ್ರಯತ್ನಕ್ಕೂ ಬೀಜವಾದ ಪ್ರಶ್ನೆ. ಈ ಆಚೀಚೆಯನ್ನು ಅಳೆಯುವುದಕ್ಕೆ ಅವರು ಕೊಟ್ಟ ಅಳತೆಗೋಲೇ ಇಂದು ನಮ್ಮ ಕಾಲೇಜುಗಳಲ್ಲಿ ಮಾನಕ ವಿಚಲನೆಯೆಂದು ಕಲಿಸಲ್ಪಡತಕ್ಕದ್ದು.

ಆ ದಿನಗಳಲ್ಲಿ ಯೂರೋಪಿನ ಧನಿಕರಿಗೆಲ್ಲ ದ್ಯೂತದ ಕಾಶಿಯಾಗಿದ್ದುದು ಮೆಡಿಟರೇನಿಯನ್ ತೀರದ ಮಾಂಟಿ ಕಾರ್ಲೋ. ಅಲ್ಲಿನ ಮುಖ್ಯ ಆಟ ರೂಲೆಟ್ಟು. ತಿರುಗುವ ಚಕ್ರವೊಂದರಲ್ಲಿ ಸೊನ್ನೆಯಿಂದ 36ರ ವರೆಗೆ 37 ಮನೆಗಳಿರುತ್ತವೆ. ಸೊನ್ನೆಯನ್ನುಳಿದ ಮನೆಗಳಲ್ಲಿ 18 ಕೆಂಪು, 18 ಕಪ್ಪು. ಚಕ್ರದಲ್ಲಿ ಉರುಳಿಬಿಟ್ಟ ಗುಂಡು ಯಾವ ಮನೆಯಲ್ಲಿ ನಿಲ್ಲುವುದೋ ಅದರ ಮೇಲೆ ಹಣವೊಡ್ಡಿದವನು ಗೆದ್ದನು. ಲ ಮೊನಾಕೋ ಎಂಬ ಪತ್ರಿಕೆಯು ಆ ಚಕ್ರಗಳಲ್ಲಿ ಬಂದ ಫಲಗಳನ್ನು ಒಂದೊಂದಾಗಿ ಪ್ರಕಟಿಸುತ್ತಿದ್ದಿತು. ಗೆಲ್ಲುವ ಗುಟ್ಟನ್ನು ಹುಡುಕುವ ಜೂಜುಕೋರರು ಅದನ್ನು ದುಡ್ಡು ಕೊಟ್ಟು ಕೊಂಡು ರಾತ್ರಿ ಹಗಲು ಓದುತ್ತಿದ್ದರು. ಪಿಯರ್ಸನ್ನರೂ ಅದನ್ನು ತರಿಸಿಕೊಂಡರು. ಗೆಲ್ಲುವುದಕ್ಕಾಗಿ ಅಲ್ಲ, ತಮ್ಮ ಸಭಿಕರಿಗೆ ಆಕಸ್ಮಿಕದ ನಿಯಮಗಳನ್ನು ತೋರಿಸುವುದಕ್ಕೆ ಇದಕ್ಕಿಂತ ಸೊಗಸಾದ ಸಾಮಗ್ರಿ ಇಲ್ಲವೆಂಬ ಭಾವನೆಯಿಂದ.

ಕೆಂಪು ಕಪ್ಪುಗಳ ಒಟ್ಟು ಲೆಕ್ಕವನ್ನು ನೋಡಿದಾಗ ದೋಷವೇನೂ ಕಾಣಲಿಲ್ಲ. ಎರಡೂ ಹೆಚ್ಚುಕಡಿಮೆ ಸಮಸಮನಾಗಿದ್ದುವು. ಅನೇಕರು ಅಲ್ಲಿಗೇ ತೃಪ್ತರಾಗಿ ಕಾಗದವನ್ನು ಮಡಿಸಿಡುತ್ತಿದ್ದರು. ಪಿಯರ್ಸನ್ನರು ಇನ್ನೊಂದು ಪ್ರಶ್ನೆಯನ್ನು ಕೇಳಿದರು: ಒಂದೇ ಬಣ್ಣವು ಬೆನ್ನುಬೆನ್ನಿಗೆ ಎಷ್ಟು ಸಲ ಬರುತ್ತದೆ? ಕೆಂಪು ಒಂದೇ ಸಲ ಬಂದು ಒಡನೆ ಕಪ್ಪಾದರೆ ಅದು ಒಂಟಿ ಸರಣಿ, ಎರಡು ಸಲ ಬಂದು ಬದಲಾದರೆ ಜೋಡಿ ಸರಣಿ, ಹೀಗೆಯೇ ಮುಂದೆ. ಚಕ್ರವು ಪ್ರಾಮಾಣಿಕವಾಗಿದ್ದರೆ ಸರಣಿಗಳಲ್ಲಿ ಅರ್ಧ ಒಂಟಿಯಾಗಿಯೂ, ನಾಲ್ಕರಲ್ಲೊಂದು ಪಾಲು ಜೋಡಿಯಾಗಿಯೂ, ಎಂಟರಲ್ಲೊಂದು ಪಾಲು ಮೂರರ ಸರಣಿಯಾಗಿಯೂ ಇರತಕ್ಕದ್ದು. ಅವರು ಎಣಿಸಿದ ಸರಣಿಗಳು 4,274. ಒಂಟಿ ಸರಣಿಗಳು 2,137 ಇರಬೇಕಾದಲ್ಲಿ 2,462 ಇದ್ದುವು. ಜೋಡಿಗಳು 1,068 ಇರಬೇಕಾದಲ್ಲಿ 945. ಮೂರರ ಸರಣಿಗಳು 534 ಇರಬೇಕಾದಲ್ಲಿ 333. ಒಂಟಿ ಸರಣಿಗಳ ವಿಷಯದಲ್ಲಿ ಸಹಜವಾದ ಆಚೀಚೆಯ ಮಾನವು ಸುಮಾರು 33 ಮಾತ್ರ. ಇಲ್ಲಿನ ವ್ಯತ್ಯಾಸವೋ 325, ಎಂದರೆ ಸುಮಾರು ಹತ್ತು ಪಟ್ಟು. ಬಣ್ಣವು ಅಗತ್ಯಕ್ಕಿಂತ ಬಹಳ ಹೆಚ್ಚಾಗಿ ಬದಲಾಗುತ್ತಿದ್ದಿತು.

1894ರಲ್ಲಿ ಫೋರ್ಟ್‌ನೈಟ್ಲಿ ರಿವ್ಯೂ ಎಂಬ ಪತ್ರಿಕೆಯಲ್ಲಿ ಅವರು ಈ ವಿಷಯವನ್ನು ಕುರಿತು ಲೇಖನವನ್ನು ಬರೆದು, ಪರಿಹಾಸದ ಮೊನೆಯಿಂದ ದ್ಯೂತಗೃಹವನ್ನು ಇರಿದರು. ಭೂಮಿಯ ಮೇಲೆ ಶಿಲೆಗಳು ಪದರುಗಟ್ಟಲಾರಂಭಿಸಿದಂದಿನಿಂದ ರೂಲೆಟ್ಟನ್ನು ಆಡುತ್ತ ಬಂದಿದ್ದರೂ, ಅದು ನಿಜವಾಗಿಯೂ ಆಕಸ್ಮಿಕದ ಆಟವಾಗಿದ್ದಲ್ಲಿ ಇಂತಹ ಒಂದು ಪಕ್ಷದ ಫಲಗಳು ಒಮ್ಮೆಯೂ ಬರಲಾರವೆಂದು ಅವರ ಲೆಕ್ಕವು ಹೇಳಿತು. ಆದುದರಿಂದ ದ್ಯೂತಗೃಹವನ್ನು ಮುಚ್ಚಿ, ಅದರ ಅಪಾರ ಧನವನ್ನು ವಿಜ್ಞಾನಕ್ಕೆ ವಹಿಸಿ, ಶಾಸ್ತ್ರೋಕ್ತವಾದ ಸಂಭವಗಣಿತಕ್ಕೆ ಒಂದು ಪ್ರಯೋಗಶಾಲೆಯನ್ನು ಕಟ್ಟಿಸಬೇಕೆಂದು ಸಲಹೆಯಿತ್ತರು. ಓದಿದವರು ನಕ್ಕಿರಬೇಕು. ದ್ಯೂತಗೃಹದ ಬಾಗಿಲು ಮಾತ್ರ ಮುಚ್ಚಲಿಲ್ಲ.

ಹಾಗಾದರೆ ಅಪರಾಧಿ ಯಾರು? ಇಲ್ಲಿಯೇ ಈ ಚರಿತ್ರೆಯ ಸ್ವಾರಸ್ಯವೂ, ವರ್ತಮಾನಪತ್ರಿಕೆಯನ್ನು ನಡೆಸತಕ್ಕ ನಮ್ಮಂತಹವರಿಗೆ ನಾಚಿಕೆಯೂ ಇರುವುದು. ಸಂಖ್ಯಾಶಾಸ್ತ್ರಜ್ಞರ ಪರಂಪರೆಯಲ್ಲಿ ಹೇಳಿಕೊಂಡು ಬಂದಿರುವ ಪ್ರಕಾರ, ಚಕ್ರವು ನಿರಪರಾಧಿ, ದೋಷವು ಪತ್ರಿಕೆಯದು. ಫಲಗಳನ್ನು ಬರೆದುಕೊಳ್ಳಬೇಕಾದ ಬಾತ್ಮೀದಾರರು ಮೇಜಿನ ಬಳಿ ಗಂಟೆಗಟ್ಟಲೆ ನಿಲ್ಲುವುದಕ್ಕೆ ಬೇಸತ್ತು, ಪಾನಗೃಹದಲ್ಲಿ ಸುಖವಾಗಿ ಕುಳಿತು, ಮನಸ್ಸಿಗೆ ತೋರಿದ ಅಂಕಿಗಳನ್ನು ಗೀಚಿ ಕಳುಹಿಸುತ್ತಿದ್ದರಂತೆ. ಅಂಕಿಗಳ ಚಹರೆಯೂ ಈ ಮಾತನ್ನೇ ಸಮರ್ಥಿಸುತ್ತದೆ. ಮನುಷ್ಯನು ಆಕಸ್ಮಿಕವನ್ನು ಅನುಕರಿಸಹೊರಟಾಗ, ಒಂದೇ ಬಣ್ಣವನ್ನು ಮೂರು ನಾಲ್ಕು ಸಲ ಬರೆಯಲು ಅವನ ಕೈ ಅಂಜುತ್ತದೆ. ಹಾಗೆ ಬರೆದರೆ ಸುಳ್ಳೆಂದು ಕಂಡೀತೆಂದು ಬಣ್ಣವನ್ನು ಬದಲಾಯಿಸುತ್ತಾನೆ. ಆ ಅಂಜಿಕೆಯೇ ಅವನ ಸುಳ್ಳನ್ನು ಹೊರಗೆಡಹುತ್ತದೆ.

ನಮ್ಮ ಅನುಭವವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಪೇಟೆಯ ಧಾರಣೆಯನ್ನು ವಾರವಾರವೂ ಕಳುಹಿಸುತ್ತಿದ್ದ ಒಬ್ಬ ಬಾತ್ಮೀದಾರರ ಪಟ್ಟಿಯು ಬಹುಕಾಲ ಅಚ್ಚುಕಟ್ಟಾಗಿ ಬರುತ್ತಿದ್ದಿತು. ಪೇಟೆಗೆ ರಜೆಯಿದ್ದ ವಾರವೂ ಅದು ಅಷ್ಟೇ ಅಚ್ಚುಕಟ್ಟಾಗಿ ಬಂದಾಗ ನಮಗೆ ಎಚ್ಚರವಾಯಿತು. ಅದುವರೆಗೆ ನಾವು ಅಚ್ಚುಹಾಕಿದುದನ್ನು ನಂಬಿ ಧಾನ್ಯವನ್ನು ಮಾರಿದ ರೈತರೆಷ್ಟು ಮಂದಿಯೋ, ಆ ಲೆಕ್ಕವನ್ನು ತೆಗೆಯಲು ನಮಗೆ ಯಾವ ಶಾಸ್ತ್ರವೂ ಬಾರದು. ಮಾಂಟಿ ಕಾರ್ಲೋದ ಬಾತ್ಮೀದಾರರನ್ನು ನಗುವ ಮೊದಲು ಪ್ರತಿಯೊಬ್ಬ ಸಂಪಾದಕನೂ ತನ್ನ ಮೇಜಿನ ಮೇಲಣ ಕಾಗದಗಳನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.

ವಾಚಕರು ಒಂದು ವಿಷಯವನ್ನು ಗಮನಿಸಿರಬಹುದು. ಪಿಯರ್ಸನ್ನರ ಲೆಕ್ಕವು ಕಿಂಚಿತ್ತೂ ತಪ್ಪಿರಲಿಲ್ಲ. ಆ ಅಂಕಿಗಳು ಆಕಸ್ಮಿಕದಿಂದ ಹುಟ್ಟಿದುವಲ್ಲವೆಂಬುದು ನಿಸ್ಸಂದೇಹ. ಆದರೆ ಅವರ ಬೆರಳು ಚಕ್ರದ ಕಡೆಗೆ ತಿರುಗಿತು. ಕಳ್ಳನು ಲೇಖನಿಯ ಬಳಿ ಇದ್ದನು. ಅಂಕಿಯು ಸಾಕ್ಷಿಯಾಗಿ ಬಂದು, ಇಲ್ಲಿ ಏನೋ ಒಂದು ನಡೆದಿದೆಯೆಂದು ಪ್ರಮಾಣಪೂರ್ವಕವಾಗಿ ಹೇಳಬಲ್ಲುದು. ಯಾರು ನಡೆಸಿದರು, ಏತಕ್ಕೆ ನಡೆಸಿದರು ಎಂಬುದನ್ನು ಹೇಳಲಾರದು. ಸಾಕ್ಷಿಯನ್ನೇ ನ್ಯಾಯಾಧಿಪತಿಯ ಪೀಠದಲ್ಲಿ ಕುಳ್ಳಿರಿಸಿದರೆ ಅನರ್ಥವಾಗುವುದು.

ಪಿಯರ್ಸನ್ನರ ಮಿತ್ರರಾದ ಪ್ರಾಣಿಶಾಸ್ತ್ರಜ್ಞ ವೆಲ್ಡನ್ನರು ಹನ್ನೆರಡು ದಾಳಗಳನ್ನು ಒಟ್ಟಿಗೆ ಎಸೆಯುವ ಪ್ರಯೋಗವನ್ನು 26,306 ಸಲ ನಡೆಸಿ ಫಲವನ್ನು ಬರೆದಿಟ್ಟಿದ್ದರು. ಐದು ಅಥವಾ ಆರು ಬೀಳುವುದು ಮೂರರಲ್ಲೊಂದು ಪಾಲು ಇರಬೇಕಾದಲ್ಲಿ ಕೊಂಚ ಹೆಚ್ಚಾಗಿದ್ದಿತು; 1,05,224 ಇರಬೇಕಾದಲ್ಲಿ 1,06,602. ಈ ಹೆಚ್ಚಳವು ಸಹಜವೋ ಅಸಹಜವೋ? ಇದನ್ನೂ ಇಂತಹ ಎಲ್ಲ ಪ್ರಶ್ನೆಗಳನ್ನೂ ಒಂದೇ ಒರೆಗಲ್ಲಿನಲ್ಲಿ ಪರೀಕ್ಷಿಸುವ ಸೂತ್ರವನ್ನು 1900ನೆಯ ಇಸವಿಯಲ್ಲಿ ಪಿಯರ್ಸನ್ನರು ಪ್ರಕಟಿಸಿದರು. ಅದಕ್ಕೆ ಕೈ ವರ್ಗ ಪರೀಕ್ಷೆಯೆಂದು ಹೆಸರು. ಪ್ರತಿಯೊಂದು ಪಾಲಿನಲ್ಲಿಯೂ ಇರಬೇಕಾದ ಸಂಖ್ಯೆಗೂ ಇದ್ದ ಸಂಖ್ಯೆಗೂ ಉಳ್ಳ ಅಂತರವನ್ನು ವರ್ಗಮಾಡಿ, ಇರಬೇಕಾದ ಸಂಖ್ಯೆಯಿಂದ ಭಾಗಿಸಿ, ಎಲ್ಲವನ್ನೂ ಕೂಡಿಸತಕ್ಕದ್ದು. ಮೊತ್ತವು ಒಂದು ಮಿತಿಯನ್ನು ಮೀರಿದರೆ ಆಕಸ್ಮಿಕದ ಮೇಲೆ ಹೊಣೆ ಹಾಕಲಾಗದು. ವೆಲ್ಡನ್ನರ ದಾಳಗಳು ನಿರ್ದೋಷವಾಗಿದ್ದಲ್ಲಿ ಅಂತಹ ಫಲವು ಬಾರದೆಂಬುದಕ್ಕೆ 62,499ಕ್ಕೆ ಒಂದರಂತೆ ಪಂಥ ಕಟ್ಟಬಹುದೆಂದು ಈ ಸೂತ್ರವು ತೋರಿಸಿತು. ಆದರೂ ಅಲ್ಲಿ ಮೋಸಗಾರನಾರೂ ಇರಲಿಲ್ಲ. ದಾಳದ ಮುಖದ ಮೇಲೆ ಚುಕ್ಕಿಗಳನ್ನು ಕೊರೆಯುವುದರಿಂದ ಆರು ಚುಕ್ಕಿಗಳ ಮುಖವು ಹಗುರವಾಗಿ ಮೇಲಕ್ಕೆ ಬರುವುದೆಂದು ಪಂಡಿತರು ಕಾರಣವನ್ನು ಹೇಳುತ್ತಾರೆ. ಮೊದಲನೆಯದರಲ್ಲಿ ಅಪರಾಧಿ ಬೇರೊಬ್ಬನು. ಎರಡನೆಯದರಲ್ಲಿ ಅಪರಾಧವೇ ಇಲ್ಲ.

1901ರಲ್ಲಿ ಅವರು ವೆಲ್ಡನ್, ಗಾಲ್ಟನ್ನರೊಡನೆ ಬಯೊಮೆಟ್ರಿಕ ಎಂಬ ಶಾಸ್ತ್ರಪತ್ರಿಕೆಯನ್ನು ಸ್ಥಾಪಿಸಿದರು. ಅದರಿಂದ ನಮ್ಮ ದೇಶಕ್ಕೂ ಮಹೋಪಕಾರವಾಯಿತು. 1915ರಲ್ಲಿ ಕೇಂಬ್ರಿಜ್ಜಿನ ಅದೇ ಕಿಂಗ್ಸ್ ಕಾಲೇಜಿನಿಂದ ಸ್ವದೇಶಕ್ಕೆ ಹೊರಟಿದ್ದ ಪ್ರಶಾಂತಚಂದ್ರ ಮಹಾಲನೋಬಿಸರು ಆ ಪತ್ರಿಕೆಯ ಸಂಪುಟಗಳನ್ನು ಕಂಡು, ಕೊಂಡು, ಹಡಗಿನಲ್ಲಿ ಓದುತ್ತ ಕಲ್ಕತ್ತೆಗೆ ಬಂದರು. ಮುಂದೆ ಲಂಡನ್ನಿಗೆ ಹೋಗಿ ಪಿಯರ್ಸನ್ನರ ಪ್ರಯೋಗಶಾಲೆಯಲ್ಲಿಯೂ ಕೆಲಕಾಲ ಇದ್ದು, 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯ ಕೀರ್ತಿಶಿಖರವಾಗಿ ಬೆಳೆದ ಸಿ. ಆರ್. ರಾಯರು ನಮ್ಮ ಹಡಗಲಿಯಲ್ಲಿ 1920ರಲ್ಲಿ ಜನಿಸಿ, 2023ರಲ್ಲಿ ನೂರೆರಡು ವರ್ಷದ ವೃದ್ಧರಾಗಿ ಕಾಲವಾದರೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ವಿಷಯ.

ರಾಯರು ತಮ್ಮ ಗ್ರಂಥದಲ್ಲಿ ಹೇಳಿರುವ ಒಂದು ವೃತ್ತಾಂತವು ಸರ್ಕಾರದ ಅಧಿಕಾರಿಗಳು ಮನನಮಾಡತಕ್ಕದ್ದು. 1947ರಲ್ಲಿ ದೆಹಲಿಯ ಗಲಭೆಗಳಿಗೆ ಹೆದರಿದ ಜನರು ಕೆಂಪುಕೋಟೆಯಲ್ಲಿ ಆಶ್ರಯ ಪಡೆದರು. ಅವರಿಗೆ ಅನ್ನವನ್ನೊದಗಿಸುವ ಗುತ್ತಿಗೆದಾರರ ಬಿಲ್ಲುಗಳು ದಿನೇ ದಿನೇ ಏರಿದುವು. ಒಳಗಿರುವ ಜನರೆಷ್ಟೆಂಬುದನ್ನು ಹೋಗಿ ಎಣಿಸುವಂತಿರಲಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ಜೆ. ಎಂ. ಸೇನ್‌ಗುಪ್ತರ ಸಲಹೆಯಂತೆ ಬಿಲ್ಲಿನಲ್ಲಿದ್ದ ಅಕ್ಕಿ, ಬೇಳೆ, ಉಪ್ಪುಗಳನ್ನು ತಲಾ ಒಬ್ಬನಿಗೆ ಬೇಕಾಗುವ ಪ್ರಮಾಣದಿಂದ ಭಾಗಿಸಿ ನೋಡಲಾಯಿತು. ಅಕ್ಕಿಯ ಲೆಕ್ಕದಿಂದ ಜನರು ಬಹಳ ಹೆಚ್ಚು. ಉಪ್ಪಿನ ಲೆಕ್ಕದಿಂದ ಬಹಳ ಕಡಿಮೆ. ಅಗ್ಗದ ಉಪ್ಪಿನಲ್ಲಿ ಸುಳ್ಳು ಬರೆದು ಲಾಭವೇನು? ಆದುದರಿಂದ ಉಪ್ಪು ನಿಜವನ್ನು ನುಡಿಯಿತು. ನಮ್ಮಲ್ಲಿ ಉಪ್ಪಿನ ಋಣವೆಂಬ ಮಾತು ಎಷ್ಟು ಸಾರ್ಥಕ!

ಇನ್ನು ಪಿಯರ್ಸನ್ನರ ಜೀವಿತದ ಕತ್ತಲೆಯ ಭಾಗವನ್ನು ಹೇಳದೆ ಬಿಟ್ಟರೆ ನಾವೂ ಲ ಮೊನಾಕೋ ಪತ್ರಿಕೆಯ ಸಾಲಿಗೆ ಸೇರುವೆವು. ಗಾಲ್ಟನ್ನರಿಂದ ಅವರಿಗೆ ಅಂಟಿದ ಸುಪ್ರಜನನವಾದವು, ಮನುಷ್ಯರಲ್ಲಿ ಮೇಲುತಳಿ ಕೀಳುತಳಿಗಳುಂಟೆಂದೂ, ಕೀಳೆಂದು ಕಂಡವರ ಸಂತಾನವನ್ನು ತಡೆಯಬೇಕೆಂದೂ ಬೋಧಿಸಿತು. 1900ರಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ ಪಿಯರ್ಸನ್ನರು, ಬಲಿಷ್ಠ ಜನಾಂಗವು ದುರ್ಬಲವೆನಿಸಿದ ಜನಾಂಗವನ್ನು ತಳ್ಳಿ ಮುಂದೆ ಹೋಗುವುದೇ ಪ್ರಗತಿಯ ಮಾರ್ಗವೆಂದು ಸಾರಿದರು. ಆ ತತ್ತ್ವದ ಭಾರವನ್ನು ಬೆನ್ನ ಮೇಲೆ ಹೊತ್ತ ದೇಶದವರಾದ ನಮಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. 1911ರಲ್ಲಿ ಗಾಲ್ಟನ್ನರ ದತ್ತಿಯಿಂದ ಏರ್ಪಟ್ಟ ಸುಪ್ರಜನನ ಪೀಠಕ್ಕೆ ಅವರೇ ಮೊದಲ ಪ್ರೊಫೆಸರರಾದರು. 1925ರಲ್ಲಿ ಮಾರ್ಗರೆಟ್ ಮೌಲ್ ಎಂಬವರೊಡನೆ, ರಷ್ಯ ಪೋಲೆಂಡುಗಳಿಂದ ಬಂದ ಯೆಹೂದ್ಯರ ಮಕ್ಕಳನ್ನು ಅಳೆದು ತೂಗಿದ ಫಲಗಳನ್ನು ಪ್ರಕಟಿಸಿ, ಆ ಜನರು ಸರಾಸರಿಯಲ್ಲಿ ದೇಹದಿಂದಲೂ ಬುದ್ಧಿಯಿಂದಲೂ ಕೊಂಚ ಕೀಳೆಂದು ತೀರ್ಪಿತ್ತು, ಅವರ ವಲಸೆಯನ್ನು ತಡೆಯುವುದು ಯುಕ್ತವೆಂದು ವಾದಿಸಿದರು.

ಪಾನಗೃಹದ ಬಾತ್ಮೀದಾರರ ಅಂಕಿಗಳನ್ನು ಅಷ್ಟು ಸೂಕ್ಷ್ಮವಾಗಿ ಜರಡಿಹಿಡಿದ ಕೈ, ಬಡ ವಲಸೆಗಾರರ ಮಕ್ಕಳ ಅಂಕಿಗಳನ್ನು ತಾನು ಮೊದಲೇ ನಂಬಿದ್ದ ತೀರ್ಮಾನದ ಅಚ್ಚಿನಲ್ಲಿ ಎರಕಹೊಯ್ದಿತು. ಸಂಖ್ಯೆಗಳು ಇಂತಹ ಅಂತರವಿದೆಯೆಂದು ಹೇಳಬಹುದು. ಅದಕ್ಕೆ ಹಸಿವೋ, ಪರಭಾಷೆಯೋ, ಇಕ್ಕಟ್ಟಾದ ಮನೆಯೋ, ಅಳೆದವನ ಕಣ್ಣೋ ಕಾರಣವೆಂಬುದನ್ನು ಅವು ತಾವಾಗಿ ಹೇಳವು. ಮಾಂಟಿ ಕಾರ್ಲೋದಲ್ಲಿ ಮಾಡಿದ ತಪ್ಪನ್ನೇ ಅವರು ಇಲ್ಲಿಯೂ ಮಾಡಿದರು. ಅಲ್ಲಿ ಒಂದು ಚಕ್ರಕ್ಕೆ ಅಪವಾದ ಬಂದಿತು. ಇಲ್ಲಿ ಒಂದು ಜನಾಂಗಕ್ಕೆ ಬಂದಿತು. ಆ ವಾದದ ಮಾರ್ಗವು ಮುಂದೆ ಜರ್ಮನಿಯಲ್ಲಿ ಎಲ್ಲಿಗೆ ಮುಟ್ಟಿತೆಂಬುದನ್ನು ಲೋಕವು ಕಂಡಿದೆ.

ಅವರ ಕೊನೆಯ ವರ್ಷಗಳು ಕಲಹದಲ್ಲಿ ಕಳೆದುವು. ಕೈ ವರ್ಗ ಪರೀಕ್ಷೆಯ ಪ್ರಯೋಗದಲ್ಲಿ ಪಿಯರ್ಸನ್ನರು ಮಾಡಿದ್ದ ಒಂದು ದೋಷವನ್ನು ರೊನಾಲ್ಡ್ ಫಿಷರ್ ಎಂಬ ತರುಣ ಪಂಡಿತರು 1922ರಲ್ಲಿ ತಿದ್ದಿದರು. ವೃದ್ಧರು ಅದನ್ನು ಒಪ್ಪಲಿಲ್ಲ. ಬಾಲ್ಯದಲ್ಲಿ ಪರರ ಅಪ್ಪಣೆಯನ್ನು ಒಪ್ಪದ ಛಲವು ಈಗ ಪರರ ಸತ್ಯವನ್ನೂ ಒಪ್ಪಗೊಡಲಿಲ್ಲ. ಪ್ರಶಸ್ತಿಗಳ ಆಶೆ ಮಾತ್ರ ಅವರಿಗೆ ಎಂದಿಗೂ ಇರಲಿಲ್ಲ. 1935ರಲ್ಲಿ ದೊರೆತ ಸರ್ ಪದವಿಯನ್ನು ನಿರಾಕರಿಸಿದರು. 1933ರಲ್ಲಿ ನಿವೃತ್ತರಾಗಿ, 1936ನೆಯ ಇಸವಿ ಏಪ್ರಿಲ್ 27ರಂದು ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು. 2020ರಲ್ಲಿ ಅವರ ಕಾಲೇಜು, ಸುಪ್ರಜನನವಾದದ ಕಳಂಕವನ್ನು ಕಾರಣವಾಗಿ ಹೇಳಿ, ಅವರ ಹೆಸರನ್ನು ಕಟ್ಟಡದಿಂದ ತೆಗೆದುಹಾಕಿತು. ಕಟ್ಟಡದಿಂದ ಹೆಸರು ಹೋಯಿತು. ಅದರೊಳಗೆ ಕಲಿಸತಕ್ಕ ಸೂತ್ರವು ಉಳಿಯಿತು.

ಆ ಸೂತ್ರದ ಸಂತತಿಯೇ ಇಂದು ಆಟದ ಮೈದಾನವನ್ನು ಕಾಯುತ್ತಿದೆ. ಜಪಾನಿನ ಸುಮೋ ಕುಸ್ತಿಯಲ್ಲಿ ಒಂದೊಂದು ಪಂದ್ಯಾವಳಿಗೆ ಹದಿನೈದು ಕುಸ್ತಿಗಳು. ಎಂಟನ್ನು ಗೆದ್ದವನ ಪದವಿಯು ಏರುವುದು, ಗೆಲ್ಲದವನದು ಇಳಿಯುವುದು. ಅಮೆರಿಕದ ಡಗ್ಗನ್, ಲೆವಿಟ್ ಎಂಬ ಅರ್ಥಶಾಸ್ತ್ರಜ್ಞರು ಹನ್ನೊಂದು ವರ್ಷಗಳ ಸುಮಾರು 32,000 ಕುಸ್ತಿಗಳನ್ನು ಪರಿಶೀಲಿಸಿ 2002ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಏಳು ಗೆದ್ದು ಏಳು ಸೋತು ಕಡೆಯ ದಿನಕ್ಕೆ ಬಂದವನು, ಆಗಲೇ ಎಂಟು ಗೆದ್ದು ನಿಶ್ಚಿಂತನಾದವನೊಡನೆ ಸೆಣಸಿದಾಗ ನೂರಕ್ಕೆ ಸುಮಾರು 49 ಸಲ ಗೆಲ್ಲಬೇಕಾದಲ್ಲಿ ಸುಮಾರು 80 ಸಲ ಗೆದ್ದಿದ್ದನು. ಅದೇ ಇಬ್ಬರು ಮತ್ತೊಮ್ಮೆ ಎದುರಾದಾಗ ನೂರಕ್ಕೆ ಸುಮಾರು 40 ಸಲ ಮಾತ್ರ. ಕೊಟ್ಟ ಸಾಲವನ್ನು ಹಿಂದಕ್ಕೆ ತೀರಿಸಿದಂತೆ ಕಾಣುತ್ತದಲ್ಲವೇ? ಆದರೂ ಯಾವ ಜಟ್ಟಿಯನ್ನೂ ಆ ಅಂಕಿಯಿಂದಲೇ ಶಿಕ್ಷಿಸಲಾಗಲಿಲ್ಲ. 2011ರಲ್ಲಿ, ಬೇರೊಂದು ಜೂಜಿನ ತನಿಖೆಯಲ್ಲಿ ಪೊಲೀಸರ ಕೈಸೇರಿದ ಮೊಬೈಲುಗಳಲ್ಲಿ ಕುಸ್ತಿಗಳನ್ನು ಮಾರಿಕೊಂಡ ಸಂದೇಶಗಳು ಸಿಕ್ಕಿದ ಮೇಲೆ, ಆ ಮಾರ್ಚ್ ತಿಂಗಳ ಪಂದ್ಯಾವಳಿಯೇ ರದ್ದಾಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಕಣವನ್ನು ಬಿಡಬೇಕಾಯಿತು. ಸಾಕ್ಷಿಯು ಮೊದಲು ನುಡಿಯಿತು. ತೀರ್ಪಿಗೆ ಒಂಬತ್ತು ವರ್ಷಗಳ ಬಳಿಕ ಬೇರೆ ಪುರಾವೆ ಬೇಕಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅಮೆರಿಕದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಬಲಿಷ್ಠ ತಂಡವು ಇಷ್ಟು ಅಂಕಗಳಿಂದ ಗೆಲ್ಲುವುದೆಂದು ಬಾಜಿ ಕಟ್ಟುವ ಪದ್ಧತಿಯಿದೆ. ಗೆದ್ದೂ ಆ ಅಂತರವನ್ನು ಮಾತ್ರ ಮುಟ್ಟದಂತೆ ಆಡಿದರೆ ಜೂಜುಕೋರರಿಗೆ ಲಾಭ, ತಂಡಕ್ಕೆ ಸೋಲಿನ ಅವಮಾನವಿಲ್ಲ. 2006ರಲ್ಲಿ ವೋಲ್ಫರ್ಸ್ ಎಂಬ ಪಂಡಿತರು 44,000ಕ್ಕೂ ಹೆಚ್ಚು ಆಟಗಳನ್ನು ನೋಡಿ, ಬಹು ಬಲಿಷ್ಠ ತಂಡಗಳ ಆಟಗಳಲ್ಲಿ ನೂರಕ್ಕೆ ಆರರಷ್ಟು ಇಂತಹ ಮೋಸಕ್ಕೆ ಎಡೆಯಾಗಿರಬಹುದೆಂದು ಸೂಚಿಸಿದರು. ನಾಲ್ಕು ವರ್ಷಗಳ ಬಳಿಕ ಬೇರೆ ಇಬ್ಬರು ಪಂಡಿತರು, ಮೋಸಕ್ಕೆ ಅವಕಾಶವೇ ಇಲ್ಲದ ಆಟಗಳಲ್ಲಿಯೂ ಅದೇ ಚಹರೆಯು ಕಾಣುವುದೆಂದು ತೋರಿಸಿದರು. ಗೆಲವು ಖಚಿತವಾದ ತಂಡವು ಕಡೆಯ ನಿಮಿಷಗಳಲ್ಲಿ ಸಾವಧಾನವಾಗಿ ಆಡುವುದು ಅಪರಾಧವಲ್ಲ. ವೆಲ್ಡನ್ನರ ದಾಳಗಳು ಮತ್ತೊಮ್ಮೆ ಉರುಳಿದುವು.

2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗಿನ ಆಟಗಳ ವಿಷಯದಲ್ಲಿಯೂ ಬೆಂಗಳೂರಿನ ಪೊಲೀಸರು ತನಿಖೆ ನಡೆಸಿದಾಗ ಊರೂರಿನ ಹರಟೆಕಟ್ಟೆಗಳಲ್ಲಿ ತೀರ್ಪುಗಳು ಹೊರಬಿದ್ದುವು. ಒಂದು ಕ್ಯಾಚು ಜಾರಿದರೆ ಫಿಕ್ಸಿಂಗು, ಒಂದು ಓವರಿನಲ್ಲಿ ಹೆಚ್ಚು ರನ್ನು ಹೋದರೆ ಫಿಕ್ಸಿಂಗು ಎನ್ನತಕ್ಕವರು ಎಲ್ಲೆಡೆಯೂ ಇದ್ದಾರೆ. ನೂರಾರು ಆಟಗಳನ್ನು ಕೂಡಿಸಿ ನೋಡಿದಾಗ ಮಾತ್ರ ಬಾಯಿಬಿಡುವ ಶಾಸ್ತ್ರವನ್ನು, ಒಂದು ಸಂಜೆಯ ಒಂದು ಚೆಂಡಿಗೆ ಅನ್ವಯಿಸಿ ಒಬ್ಬ ತರುಣನ ಮಾನವನ್ನು ಕಳೆಯುವುದು ಶಾಸ್ತ್ರವಲ್ಲ, ಲೋಕಾಪವಾದ. ಹಾಗೆಂದು ಅಂಕಿಗಳ ಎಚ್ಚರಿಕೆಯನ್ನು ಕಡೆಗಣಿಸಿ ಕುಳಿತುಕೊಳ್ಳುವ ಕ್ರೀಡಾಸಂಘವೂ ಕಳ್ಳನಿಗೆ ದೀಪವನ್ನು ಹಿಡಿದಂತೆಯೇ. ಲೆಕ್ಕವು ಕೂಗಿದೊಡನೆ ಬಾಗಿಲನ್ನು ತೆರೆದು ನೋಡತಕ್ಕದ್ದು. ನೋಡುವ ಮೊದಲೇ ಯಾರನ್ನೂ ಕಟ್ಟತಕ್ಕದ್ದಲ್ಲ. ಕಚೇರಿಗಳಲ್ಲಿ ಪ್ರತಿದಿನವೂ ಪಟ್ಟಿಗಳಿಗೆ ರುಜು ಹಾಕತಕ್ಕ ಅಧಿಕಾರಿಗಳಿಗೂ ಇದೇ ನೀತಿಯು ಸಲ್ಲುವುದು.

ನಳನ ಕಥೆಗೆ ಹಿಂದಿರುಗೋಣ. ಅಕ್ಷಹೃದಯವನ್ನು ಪಡೆದ ನಳನು ಪುನಃ ಪುಷ್ಕರನೊಡನೆ ಆಡಿ, ಸೋತ ರಾಜ್ಯವನ್ನೆಲ್ಲ ಗೆದ್ದನು. ಎದುರಿಗೆ ನಡುಗುತ್ತ ನಿಂತ ಪುಷ್ಕರನ ತಲೆಯನ್ನು ತೆಗೆಯುವ ಅಧಿಕಾರವೂ ಅವನಿಗಿದ್ದಿತು. ಆದರೆ ಹಿಂದೆ ತನ್ನನ್ನು ಸೋಲಿಸಿದುದು ಕಲಿಯ ಕೃತ್ಯವೇ ಹೊರತು ಪುಷ್ಕರನದಲ್ಲವೆಂದು ಅರಿತ ಆ ಮಹಾನುಭಾವನು ಅವನನ್ನು ಆದರದಿಂದ ಕಳುಹಿಸಿಕೊಟ್ಟನು. ದಾಳದ ಮರ್ಮವನ್ನು ಬಲ್ಲವನು, ಅಪರಾಧಿಯನ್ನು ಗೊತ್ತುಮಾಡುವುದರಲ್ಲಿಯೂ ಅಷ್ಟೇ ಎಚ್ಚರವಾಗಿದ್ದನು. ಪ್ರೊಫೆಸರ್ ಪಿಯರ್ಸನ್ನರು ಲೋಕಕ್ಕೆ ಅಕ್ಷಹೃದಯವನ್ನು ಕೊಟ್ಟರು. ನಳನ ಆ ಎಚ್ಚರವು ಮಾತ್ರ ಅವರಿಗೆ ಲಭಿಸಲಿಲ್ಲ. ಅವರು ಕೊಟ್ಟುದನ್ನು ಕೃತಜ್ಞತೆಯಿಂದ ಸ್ವೀಕರಿಸಿ, ಅವರಿಗೆ ಇಲ್ಲದುದನ್ನು ನಾವು ಪ್ರಯತ್ನಪೂರ್ವಕವಾಗಿ ಸಂಪಾದಿಸಿಕೊಳ್ಳತಕ್ಕದ್ದು.